ತೊಡೆಯಕ್ಕ ತೂಬು ಒಡೆದದ್ದು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಮನುಷ್ಯರಿಗೆ ಓಡಲು ಬರುತ್ತಿರಲಿಲ್ಲ. ಎಲ್ಲರೂ ನಿಧಾನವಾಗಿ ನಡೆಯುತ್ತಿದ್ದರು.

ಆಗ ಬೊಮ್ಮಿ ಎಂಬ ಹುಡುಗಿಯಿದ್ದಳು. ಅವಳ ಮೈಯೊಳಗೆ ಕೆಂಪು ನೀರಿನ ಹೊಳೆ ಹರಿಯುತ್ತಿತ್ತು. ಗಾಳಿ ಮೂಗಿನಿಂದ ಒಳಗಿಳಿದು ಆ ನೀರಿಗೆ ಉಸಿರು ಬೆರೆಸುತ್ತಿತ್ತು. ಎದೆಯಣ್ಣನೇ ಅಲ್ಲಿನ ನೀರುಗಂಟಿ. ತೂಬು ತೆರೆದು ಮೈಯ ಅಂಗಗಳ ಮನೆಮನೆಗೂ ಪಾಲು ಬಿಡುವುದು ಅವನ ಕೆಲಸ. ಕೂತವರಿಗೂ ಒಂದು ಬೊಗಸೆ, ದುಡಿದವರಿಗೂ ಒಂದು ಬೊಗಸೆ. ಊಟವಾದ ಮೇಲೆ ಹೊಟ್ಟಪ್ಪನಿಗೆ ಮಾತ್ರ ಎರಡು.

ತೊಡೆಯಕ್ಕನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ದಿನವಿಡೀ ಬೊಮ್ಮಿಯನ್ನು ಹೊತ್ತು ತಿರುಗುವವಳು ಅವಳು. ಆದರೂ ಸಿಕ್ಕ ಒಂದು ಬೊಗಸೆಯಲ್ಲೇ ದಿನ ದೂಡುತ್ತಿದ್ದಳು.

ಒಂದು ಮಧ್ಯಾಹ್ನ ಬೊಮ್ಮಿ ಮುದ್ದೆ ಉಂಡು ಕೈ ತೊಳೆಯುತ್ತಿದ್ದಳು. ತೋಳ ಬಂದು ಅವಳ ಮೇಕೆಮರಿಯನ್ನು ಕಚ್ಚಿಕೊಂಡು ಹೊರಟಿತು. ಹಿಂದಿನ ದಿನವಷ್ಟೇ ಹುಟ್ಟಿದ ಮರಿ. ಬೊಮ್ಮಿ ಕೋಲು ಹಿಡಿದು ಬೆನ್ನಟ್ಟಿದಳು.

ಇಪ್ಪತ್ತು ಹೆಜ್ಜೆಗೇ ತೊಡೆಯಕ್ಕನ ಬೊಗಸೆ ಬರಿದಾಯಿತು.

“ಎದೆಯಣ್ಣ, ಇನ್ನಷ್ಟು ಬಿಡು!”

“ನಿನ್ನ ಪಾಲು ಆಯ್ತಲ್ಲವ್ವ. ಕಟ್ಟಳೆ ಕಟ್ಟಳೆನೇ.”

“ನನಗೆ ಮುದ್ದೆ ಅರಗಿಸೋ ಕೆಲಸ ಐತೆ,” ಎಂದು ಹೊಟ್ಟಪ್ಪ ತೇಗಿದ. “ನೀನು ಸುಮ್ನೆ ಕೂತ್ಕೊ.”

“ನಾನು ಕೂತ್ರೆ ಮರಿ ಸಾಯ್ತದೆ!”

ದೂರದಲ್ಲಿ ಮರಿ ‘ಮ್ಯಾ’ ಎಂದಿತು. ತೊಡೆಯಕ್ಕ ಇನ್ನೊಮ್ಮೆ ಕೇಳಲಿಲ್ಲ. ದುಡಿದು ಬಿಸಿಯಾಗಿದ್ದ ತನ್ನ ಕೈಯಿಂದಲೇ ತನ್ನ ಮನೆಯ ತೂಬನ್ನು ಗುದ್ದಿ ಒಡೆದಳು. ಕೆಂಪು ನೀರು ಭೋರೆಂದು ನುಗ್ಗಿತು. ಹೊಟ್ಟಪ್ಪನ ಕಾಲುವೆ ಸಣ್ಣಗಾಯಿತು.

“ಕಟ್ಟಳೆ ಮುರಿದೆಯಲ್ಲೇ!” ಎಂದು ಎದೆಯಣ್ಣ ಕೂಗಿದ.

“ಹೂಂ, ಮುರಿದೆ! ದುಡಿಯೋ ಹೊತ್ತಲ್ಲಿ ದುಡಿಯೋರಿಗೆ ಕೊಡದೇ ಇರೋ ಕಟ್ಟಳೆ ಯಾಕೆ ಬೇಕು? ನಿಂತು ನೋಡ್ತೀಯೋ, ನೀರು ಎತ್ತಿ ಹಾಕ್ತೀಯೋ?”

ಎದೆಯಣ್ಣನಿಗೆ ಬೇರೆ ದಾರಿಯಿರಲಿಲ್ಲ. ಢವಢವ ಎಂದು ನೀರೆತ್ತತೊಡಗಿದ. ನೀರೇನೋ ಬಂತು, ಅದರಲ್ಲಿ ಉಸಿರು ಸಾಲದು. “ಗಾಳಿಯಕ್ಕ, ಬೇಗ ಬಾ!” ಎಂದು ಕೂಗಿಕೊಂಡ.

“ಮೂಗಿನ ಕಿಂಡಿಯಲ್ಲಿ ಎಷ್ಟಂತ ನುಗ್ಗಲಪ್ಪ? ಬಾಯಿಯ ಬಾಗಿಲನ್ನೂ ತೆಗೆಸು!” ಎಂದಳು ಗಾಳಿಯಕ್ಕ.

ಬೊಮ್ಮಿ ಬಾಯಿ ತೆರೆದಳು. ತೆರೆದು ಓಡಿದಳು. ಲೋಕದಲ್ಲಿ ಮೊದಲ ಸಲ ಮನುಷ್ಯರಲ್ಲೊಬ್ಬಳು ತೋಳದ ಬಾಲವನ್ನು ಮುಟ್ಟುವಷ್ಟು ಹತ್ತಿರ ಓಡಿದಳು. ಕೋಲು ಬೀಸಿದಳು. ತೋಳ ಮರಿಯನ್ನು ಬಿಟ್ಟು ಪರಾರಿಯಾಯಿತು.

ಬೊಮ್ಮಿ ಮರಿಯನ್ನು ಅಪ್ಪಿಕೊಂಡು ಕುಳಿತಾಗ ತೊಡೆಯಕ್ಕ ತಾನಾಗಿಯೇ ತೂಬು ಮುಚ್ಚಿದಳು. ಹೊಟ್ಟಪ್ಪನ ಪಾಲು ಅವನಿಗೆ ಹೋಯಿತು.

“ಇನ್ಮೇಲೆ ಹಿಂಗೆ ಮಾಡಲ್ಲ ಅಂತ ಹೇಳವ್ವ,” ಎಂದ ಎದೆಯಣ್ಣ, ಏದುತ್ತಲೇ.

“ಹೇಳಲ್ಲ,” ಎಂದಳು ತೊಡೆಯಕ್ಕ. “ಬೊಮ್ಮಿ ಓಡಿದಾಗೆಲ್ಲ ಒಡೀತೀನಿ.”

ಅದಕ್ಕೇ ಕಂದ, ನೀನು ಓಡಿದಾಗ ಎದೆ ಢವಢವ ಎನ್ನುವುದು, ಬಾಯಿ ತಾನಾಗಿ ತೆರೆದುಕೊಳ್ಳುವುದು. ಉಂಡ ಕೂಡಲೇ ಓಡಿದರೆ ಪಕ್ಕೆ ಚುಚ್ಚುತ್ತದಲ್ಲ, ಅದು ಹೊಟ್ಟಪ್ಪನ ಗೊಣಗಾಟ. ಗೊಣಗಲಿ ಬಿಡು, ತೊಡೆಯಕ್ಕ ಇವತ್ತಿಗೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.