ಜಟ್ಟಪ್ಪ ಕಟ್ಟಿಹಾಕಿದ ಮಳಲಕ್ಕ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ನಡುಗಡಲಲ್ಲಿ ಒಂದು ಊರಿತ್ತಂತೆ. ಊರು ಅಂದ್ರೆ ಒಂದೇ ನೆಲ ಅಲ್ಲ ಮತ್ತೆ! ಕೈಬಳೆ ಒಡೆದು ಚೂರಾಗಿ ಬಿದ್ದ ಹಾಗೆ ಏಳು ಕುದ್ರು, ಅಂದ್ರೆ ಏಳು ಪುಟ್ಟ ದ್ವೀಪ. ಹೊರಗೆ ದೊಡ್ಡ ಕಡಲು, ಬಳೆಯ ಒಳಗೆ ಹಸಿರು ಬಣ್ಣದ ಸಣ್ಣ ಕಡಲು. ಕುದ್ರು ಕುದ್ರಿನ ನಡುವೆ ಹವಳದ ಬಂಡೆ. ದೋಣಿ ಒಳಗೆ ಬರೋದಕ್ಕೆ ಇದ್ದ ಬಾಯಿ ಒಂದೇ ಒಂದು.

ಏಳು ಕುದ್ರು ಅಂದ ಮೇಲೆ ಜಗಳ ಇರಬೇಕಲ್ಲ? ಇತ್ತಂತೆ. "ಊರಿಗೆ ಗುರಿಕಾರ ನಾನಾಗಬೇಕು, ನಾನಾಗಬೇಕು" ಅಂತ ಏಳು ಯಜಮಾನರೂ ದಡದ ರಾಜನ ಮುಂದೆ ಹೋಗಿ ಕೂಗಾಡಿದರಂತೆ. ರಾಜನಿಗೆ ತಲೆ ಚಿಟ್ಟು ಹಿಡಿದುಹೋಯ್ತು.

"ನಿಮ್ಮ ಒಳಗಡಲಲ್ಲಿ ಒಂದು ಮರಳು ದಿಬ್ಬ ಓಡಾಡ್ತದಂತಲ್ಲ? ಮಳೆಗಾಲ ಮುಗಿದ ಮೇಲೆ ಅದು ಯಾರ ಕುದ್ರಿಗೆ ಬಂದು ಸೇರ್ತದೋ ಆ ವರ್ಷ ಅವರೇ ಗುರಿಕಾರರು. ಹೋಗಿ, ನನಗೆ ಊಟಕ್ಕೆ ಹೊತ್ತಾಯ್ತು" ಅಂದು, ಒಂದು ಓಲೆಕೊಡೆ ಕೊಟ್ಟು ಕಳಿಸಿದನಂತೆ. ಆ ಕೊಡೆ ಹಿಡಿದವರದ್ದೇ ಊರಲ್ಲಿ ಮಾತು.

ಹೆಂಗಸರು ಆ ದಿಬ್ಬಕ್ಕೆ ಮಳಲಕ್ಕ ಅಂತ ಹೆಸರಿಟ್ಟರು. ತವರಿಗೆ ಬಂದ ಮಗಳಿಗೆ ಮಾಡೋ ಹಾಗೆ ಅರಿಶಿನ ಕುಂಕುಮ ಇಟ್ಟು "ಬಂದ್ಯಾ ತಾಯಿ" ಅಂತ ಕರೆಯೋರು. ಮಳೆ ಹಿಡಿದಾಗ "ಹೋಗಿ ಬಾ" ಅಂತ ಕಳಿಸೋರು. ಏಳು ಕುದ್ರೂ ಅವಳಿಗೆ ತವರೇ.

ದೋಣಿ ಬರೋ ಬಾಯಿಯ ಪಕ್ಕದಲ್ಲೇ, ಬಾಲದಷ್ಟು ಸಣ್ಣ ಕುದ್ರಿನಲ್ಲಿ ಜಟ್ಟಪ್ಪ ಇದ್ದ. ಹೆಂಡತಿ ದುರ್ಗಿ. ಒಬ್ಬಳೇ ಮಗಳು ಸೋಮಿ, ಅವಳನ್ನ ದಡದ ಊರಿಗೆ ಕೊಟ್ಟಿದ್ದರು. ಪಾಪ, ಜಟ್ಟಪ್ಪನ ಮಾತನ್ನ ಅವನ ಕೋಳಿಯೂ ಕೇಳ್ತಿರಲಿಲ್ಲವಂತೆ. ಅಂಥವನ ಬಾಗಿಲಿಗೆ ಒಂದು ವರ್ಷ ಮಳಲಕ್ಕ ಬಂದೇಬಿಟ್ಟಳು!

ಆಹಾ, ಅವನ ಗತ್ತು ನೋಡಬೇಕಿತ್ತು. ಕೊಡೆ ಹಿಡಿದೇ ಉಂಡ, ಕೊಡೆ ಹಿಡಿದೇ ಮಲಗಿದ.

"ಸೂರಿನ ಕೆಳಗೆ ಯಾವ ಬಿಸಿಲೂಂತ ಕೊಡೆ ಹಿಡಿದದ್ದು?" ಅಂತ ದುರ್ಗಿ ನಗೋಳು.

ಹಾಗಂತ ಕೆಟ್ಟವನಲ್ಲ. ಯಾರಾದರೂ "ಗುರಿಕಾರ್ರೇ" ಅಂದ್ರೆ ಸಾಕು, ಕಣ್ಣಲ್ಲಿ ನೀರೇ ಬಂದುಬಿಡೋದು. ಅದನ್ನ ಬಿಟ್ಟುಕೊಡೋಕೆ ಅವನಿಗೆ ಮನಸ್ಸಾಗಲಿಲ್ಲ. ಮಳೆ ಬರೋ ಮೊದಲು ದಿಬ್ಬದ ಸುತ್ತ ತೆಂಗಿನ ಗೂಟ ಹೊಡೆದ, ಗೂಟಕ್ಕೆ ಗರಿ ಹೆಣೆದ ಮಡಲ ತಟ್ಟಿ ಕಟ್ಟಿದ.

"ಬಂದ ಮಗಳನ್ನ ಹೀಗಾ ಕಟ್ಟಿಹಾಕೋದು?" ದುರ್ಗಿ ಕೇಳಿದಳು.

"ಇನ್ನೊಂದು ವರ್ಷ ಇರಲಿ ಬಿಡೇ" ಅಂದನಂತೆ.

ಮಳೆ ಬಂತು, ಗಾಳಿ ಬಂತು, ಮಳಲಕ್ಕ ಅಲ್ಲಾಡಲಿಲ್ಲ. ಅಲೆ ಹೊತ್ತು ತಂದ ಹೊಸ ಮರಳೆಲ್ಲ ಅವಳ ಬೆನ್ನಿಗೆ ಸೇರ್ತಾ ಸೇರ್ತಾ, ದೋಣಿ ಬರೋ ಬಾಯಿಯೇ ತುಂಬಿಹೋಯ್ತು. ಜನ ಬಂದು ಗೊಣಗಿದರು. ಜಟ್ಟಪ್ಪ ಕೊಡೆ ಅಡ್ಡ ಹಿಡಿದುಕೊಂಡ.

ಮಳೆಗಾಲ ಮುಗಿಯಿತು. ಒಂದು ಬೆಳಿಗ್ಗೆ ಹೊರಗಡಲಲ್ಲಿ ದೋಣಿ ಕಾಣಿಸಿತು. ಯಾರು? ತುಂಬು ಬಸುರಿ ಸೋಮಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹವಳದ ಬಂಡೆಯ ಮೇಲೆ ಅಲೆ ಒಡೀತಾ ಇದೆ, ದೋಣಿ ಏಳ್ತಾ ಇದೆ, ಬೀಳ್ತಾ ಇದೆ.

"ಅಪ್ಪಾ, ದಾರಿ ಎಲ್ಲಿ?" ಅಂತ ಕೂಗಿದಳಂತೆ. "ನೋವು ಶುರುವಾಗಿದೆ ಅಪ್ಪಾ!"

ಜಟ್ಟಪ್ಪನ ಕೊಡೆ ಎತ್ತಲೋ ಬಿತ್ತು. ನೀರಿಗೆ ಹಾರಿ ಗೂಟ ತಬ್ಬಿ ಎಳೆದ. ಬರಲಿಲ್ಲ, ಗಟ್ಟಿ ಹೊಡೆದವನು ಅವನೇ ಅಲ್ವೇ! ಅವನ ಅಳು ಕೇಳಿ ಏಳೂ ಕುದ್ರಿನವರು ಓಡಿಬಂದರು. ಗೊಣಗಿದವರೇ ಗೂಟಕ್ಕೆ ಕೈಹಾಕಿದರು.

"ಹೋಗೇ ತಾಯಿ, ಹೋಗು! ನಿನ್ನ ದಾರಿ ಕಟ್ಟಿದೆ, ನನ್ನ ಮಗಳಿಗೇ ದಾರಿ ಇಲ್ಲದ ಹಾಗಾಯ್ತು" ಅಂತ ಜಟ್ಟಪ್ಪ ಮರಳಿಗೆ ಹಣೆ ಹಚ್ಚಿದ.

ಕೊನೇ ಗೂಟ ಬಂತು ನೋಡಿ, ಹಗ್ಗ ಬಿಚ್ಚಿದ ಕರುವಿನ ಹಾಗೆ ಮಳಲಕ್ಕ ಹೊರಟಳು! ಉಕ್ಕಿಬಂದ ಭರತದ ನೀರು ಒಳಗೆ ನುಗ್ಗಿತು, ನೀರಿನ ಜೊತೆಗೆ ದೋಣಿಯೂ ನುಗ್ಗಿತು. ಒಳಗಡಲ ನಟ್ಟನಡುವೆ ಮಳಲಕ್ಕ ನಿಂತಳು, ದೋಣಿ ಅವಳ ಮಡಿಲಿಗೇ ಹೋಗಿ ಕೂತಿತು. ದುರ್ಗಿ ನಾಲ್ಕು ಹೆಂಗಸರನ್ನ ಕಟ್ಟಿಕೊಂಡು ಹೋಗೋ ಅಷ್ಟರಲ್ಲಿ ಹೆರಿಗೆ ಹತ್ತಿರವಾಗಿತ್ತು. ಆ ಮರಳ ಮೇಲೇ ಹೆಣ್ಣು ಮಗು ಹುಟ್ಟಿತಂತೆ.

ಈಗ ಯಜಮಾನರು ಮುಖ ಮುಖ ನೋಡಿಕೊಂಡರು. ದಿಬ್ಬ ಯಾರ ಕುದ್ರಿಗೂ ತಾಗಿಲ್ಲ, ಗುರಿಕಾರರು ಯಾರು?

"ಮಳಲಕ್ಕನ ಮಡಿಲಲ್ಲಿ ಈಗ ಯಾರಿದ್ದಾರೆ, ಕಣ್ಣು ಬಿಟ್ಟು ನೋಡಿ" ಅಂದಳು ದುರ್ಗಿ.

ನೋಡಿದರು. ಮಗು ಬಾಯಿ ತೆರೆದು ಕಿರುಚಿತು.

"ಅಪ್ಪಣೆ ಆಯ್ತು!" ಅಂತ ಏಳೂ ಜನ ಕೈಮುಗಿದರಂತೆ.

ಜಟ್ಟಪ್ಪ ಬಿದ್ದಿದ್ದ ಕೊಡೆ ಹುಡುಕಿ ತಂದ, ಮೊಮ್ಮಗಳ ಮೇಲೆ ಹಿಡಿದ. ಆ ವರ್ಷವೆಲ್ಲ ಅವನಿಗೆ ಅದೇ ಕೆಲಸ.

"ಗುರಿಕಾರ್ತಿ ಏನಂದ್ರು ಜಟ್ಟಪ್ಪ?" ಅಂತ ಜನ ಕೇಳೋರು.

"ಹಸಿವಂತೆ" ಅನ್ನೋನು. ಮಗು ಅತ್ತಿತು ಅಂದ್ರೆ ಒಂದು ಕುದ್ರಿನಿಂದ ಬಾಣಂತಿಗೆ ಮೀನು, ಇನ್ನೊಂದರಿಂದ ಎಳನೀರು, ಮತ್ತೊಂದರಿಂದ ಕೋಳಿಮೊಟ್ಟೆ. ಜಗಳಕ್ಕೆ ಹೊತ್ತಾದರೂ ಎಲ್ಲಿ?

ಮಳೆಮೋಡ ಕಾಣೋ ಹೊತ್ತಿಗೆ ಸೋಮಿ ಮಗು ಎತ್ತಿಕೊಂಡು ಗಂಡನ ಮನೆಗೆ ಹೊರಟಳು. ಹಿಂದೆಯೇ ಮಳಲಕ್ಕನೂ ಮೆಲ್ಲಗೆ ಸರಿದಳು. ಬಾಯಲ್ಲಿ ನಿಂತು ಜಟ್ಟಪ್ಪ ಅಳ್ತಾ ಅಳ್ತಾ ಇಬ್ಬರಿಗೂ ಕೂಗಿದನಂತೆ: "ಹೋಗಿ ಬಾ ಮಗಳೇ, ಹೋಗಿ ಬಾ!"

ಹೋದವರು ತಿರುಗಿ ಬಂದರು, ಅಲ್ಲಿ ಅವರ ಕೊಡೆ ನೆರಳು ತಂಪಾಗಿರಲಿ. ಇಲ್ಲಿ ನಮ್ಮ ಸೂರೂ ತಂಪಾಗಿರಲಿ.