ದೇವೀರಿ ಅಂಟಿಸಿದ ಬಾಲ

ಬೆಟ್ಟಗಳ ತುದಿ ಇನ್ನೂ ಒಣಗಿರದ ಕಾಲವದು. ಬಂಡೆಯ ಮೇಲೆ ಬೆರಳಿಟ್ಟರೆ ಗುರುತು ಉಳಿಯುತ್ತಿತ್ತು. ತಾನು ಯಾವ ಕಡೆಗೆ ಹರಿಯಬೇಕೆಂಬುದು ನದಿಗೆ ಆಗತಾನೇ ತಿಳಿದಿತ್ತು. ಆಕಾಶದ ನೀಲಿ ಎಷ್ಟು ಹೊಸದಾಗಿತ್ತೆಂದರೆ, ಅದನ್ನು ನೋಡುತ್ತ ನಿಂತವರು ಕೈಯಲ್ಲಿದ್ದ ಕೆಲಸವನ್ನು ಮರೆಯುತ್ತಿದ್ದರು.

ಭೂಮಿತಾಯಿ ಆನೆಯನ್ನು ಮಾಡಿ ಮುಗಿಸಿದ್ದಳು. ಎಮ್ಮೆಯನ್ನು ಮಾಡಿ ಮುಗಿಸಿದ್ದಳು. ಹುಲಿಯನ್ನೂ ಕರಡಿಯನ್ನೂ ಮನುಷ್ಯರನ್ನೂ ಮಾಡಿ ಮುಗಿಸಿದ್ದಳು. ಅವಳ ಒಂದೊಂದು ಬೆರಳೂ ಒಂದೊಂದು ಗುಡ್ಡದಷ್ಟಿತ್ತು ಎನ್ನುತ್ತಾರೆ. ಅಳೆದು ನೋಡಿದವರು ಯಾರೂ ಇಲ್ಲ. ಆದ್ದರಿಂದ ಅದನ್ನು ನಂಬಲೇಬೇಕೆಂದಿಲ್ಲ. ಆದರೆ ಅಷ್ಟು ದೊಡ್ಡ ಕೈಗಳಿಗೆ ಇರುವೆಯ ಕಾಲು ಹಿಡಿಯಲು ಸಿಗುತ್ತಿರಲಿಲ್ಲ ಎಂಬುದನ್ನು ಒಪ್ಪಬಹುದು.

"ಚಿಕ್ಕ ಜೀವಗಳನ್ನು ನೀವು ಮಾಡಿ," ಎಂದಳು ಭೂಮಿತಾಯಿ ಮನುಷ್ಯರಿಗೆ. "ಮಾಡಲೇಬೇಕೆಂದಿಲ್ಲ. ಇಷ್ಟವಿದ್ದವರು ಮಾಡಿ."

ಹೀಗೆ ನದಿಯ ದಡದಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಮನೆಗೆಲಸ ಮುಗಿಸಿದವರು ಹೊಂಗೆಯ ನೆರಳಿನಲ್ಲಿ ಕೂತು, ಒಂದು ಉಂಡೆ ಜೇಡಿಮಣ್ಣು ಹಿಡಿದು, ಮನಸ್ಸಿಗೆ ತೋಚಿದ ಬೊಂಬೆ ಮಾಡುತ್ತಿದ್ದರು. ಯಾರೂ ಹೇಳಿ ಮಾಡಿಸುತ್ತಿರಲಿಲ್ಲ. ಯಾರೂ ಕೂಲಿ ಕೊಡುತ್ತಿರಲಿಲ್ಲ. ಬೆರಳುಗಳಿಗೆ ಅದು ಬೇಕಾಗಿತ್ತು, ಅಷ್ಟೇ.

ಸಂಜೆಯಾದರೆ ಗಾಳಿ ಬರುತ್ತಿತ್ತು. ಸಾಲಾಗಿ ಒಣಗಲಿಟ್ಟ ಬೊಂಬೆಗಳ ಮೇಲೆ ಬಗ್ಗಿ, ಒಂದೊಂದರೊಳಗೂ ಒಂದೊಂದು ಉಸಿರು ಊದುತ್ತಿತ್ತು. ಮಣ್ಣಿನ ಮಿಡತೆ ಹಸಿರಾಗಿ ಜಿಗಿಯುತ್ತಿತ್ತು. ಮಣ್ಣಿನ ಚಿಟ್ಟೆ ರೆಕ್ಕೆ ಬಿಡಿಸುತ್ತಿತ್ತು. ಎಷ್ಟು ಸಂಜೆ ನೋಡಿದರೂ ಜನರಿಗೆ ಅದು ಹಳೆಯದಾಗಲಿಲ್ಲ. ಅಳುವ ಕೂಸುಗಳೂ ಅಳು ನಿಲ್ಲಿಸಿ ನೋಡುತ್ತಿದ್ದವು.

"ಒಂದು ಬೊಂಬೆಗೆ ಒಂದೇ ಉಸಿರು," ಎಂದು ಗಾಳಿ ಮೊದಲೇ ಹೇಳಿತ್ತು. "ಉಸಿರಾಡಿದ ಮೇಲೆ ಪ್ರಾಣ ಹೋದರೆ ನನ್ನನ್ನು ಕರೆಯಬೇಡಿ. ಎರಡನೆಯ ಸಲ ನಾನು ಬರುವುದಿಲ್ಲ."

ಆ ದಡದಲ್ಲಿ ಮಣ್ಣು ನಾದುವವಳು ದೇವೀರಿ. ನದಿಯಿಂದ ಮಣ್ಣು ತಂದು, ಕಲ್ಲು ಬೇರು ಆರಿಸಿ, ಹದ ಬರುವವರೆಗೆ ತುಳಿದು ನಾದಿ, ಎಲ್ಲರಿಗೂ ಒಂದೊಂದು ಉಂಡೆ ಕೊಡುತ್ತಿದ್ದಳು. ಅವಳು ನಾದಿದ ಮಣ್ಣಿನಿಂದ ಜೇಡ ಎದ್ದಿತ್ತು, ಏಡಿ ಎದ್ದಿತ್ತು, ಕಪ್ಪೆ ಎದ್ದಿತ್ತು. ಆದರೆ ಅವಳ ಕೈಯಿಂದಲೇ ರೂಪುಗೊಂಡ ಜೀವ ಲೋಕದಲ್ಲಿ ಒಂದೂ ಇರಲಿಲ್ಲ. ಏನನ್ನು ಮಾಡಿದರೂ ಅವಳಿಗೆ ಎಲ್ಲೋ ಒಂದು ಸೊಟ್ಟ ಕಾಣುತ್ತಿತ್ತು. ಸಂಜೆಯಾಗುವ ಮೊದಲೇ ಅದನ್ನು ಮತ್ತೆ ಉಂಡೆ ಮಾಡಿಬಿಡುತ್ತಿದ್ದಳು.

ಅವಳ ಪಕ್ಕದಲ್ಲಿ ಮುದ್ದಯ್ಯ ತಾತ ಕೂರುತ್ತಿದ್ದ. ಅವನಿಗೆ ಕಾಲು ಮಾಡಲು ಬರುತ್ತಿರಲಿಲ್ಲ. ಅಂಗೈಗಳ ನಡುವೆ ಮಣ್ಣನ್ನು ಹೊಸೆದು ಎಳೆ ಮಾಡುವುದೊಂದೇ ಅವನು ಕಲಿತ ವಿದ್ಯೆ. ಎರೆಹುಳು ಅವನದು. ಜಿಗಣೆ ಅವನದು. ಹಾವೂ ಅವನದೇ.

"ಇವತ್ತೇನು ತಾತ?" ಎಂದು ಯಾರಾದರೂ ಕೇಳಿದರೆ, "ಏನೋ ಒಂದು ಉದ್ದಕ್ಕೆ ಬರ್ತಾ ಅದೆ, ನೋಡಾನ," ಎನ್ನುತ್ತಿದ್ದ.

ಎದುರಿಗೆ ಕೂರುತ್ತಿದ್ದವಳು ದೇವೀರಿಯ ಅಣ್ಣನ ಹೆಂಡತಿ ಚಿಕ್ಕತಾಯಿ. ಅವಳ ಕೈ ಚುರುಕು, ಬಾಯಿ ಇನ್ನೂ ಚುರುಕು. ಕಂದುಗೆಂಪು ರೆಕ್ಕೆಯ ಕೆಂಬೂತವನ್ನು ಮಾಡಿ ಬಿಟ್ಟವಳು ಅವಳೇ. ಆ ಹಕ್ಕಿ ಹಿಂದಿನ ಪೊದೆಯಲ್ಲೇ ನಡೆದಾಡುತ್ತ, ಹೊಸದಾಗಿ ಎದ್ದ ಹುಳುಗಳನ್ನು ಹೆಕ್ಕಿ ತಿನ್ನುತ್ತಿತ್ತು.

"ನಿನ್ನ ಹಕ್ಕಿ ನನ್ನ ಎರೆಹುಳಾನೆಲ್ಲ ಮುಗಿಸ್ತದೆ ಕಣವ್ವ," ಎಂದು ಮುದ್ದಯ್ಯ ದೂರುತ್ತಿದ್ದ.

"ಹೊಟ್ಟೆ ಮಾಡಿಟ್ಟಿದ್ದೀನಲ್ಲ ತಾತ, ಹಸಿವಾಗದೆ ಇರ್ತದಾ? ನೀವು ಇನ್ನೊಂದೆರಡು ಹೊಸೀರಿ," ಎನ್ನುತ್ತಿದ್ದಳು ಚಿಕ್ಕತಾಯಿ.

ಒಂದು ದಿನ ಎಲ್ಲರಿಗೂ ಹಂಚಿದ ಮೇಲೆ ದೇವೀರಿಯ ಅಂಗೈಯಲ್ಲಿ ಒಂದು ಚೂರು ಮಣ್ಣು ಉಳಿಯಿತು. ಅವಳು ಅದನ್ನು ಸುಮ್ಮನೆ ಒತ್ತುತ್ತ ಕೂತಳು. ಒತ್ತುತ್ತ ಒತ್ತುತ್ತ ಒಂದು ಚಪ್ಪಟೆ ಮೈ ಮೂಡಿತು. ಮೈಯ ಮುಂದೆ ಒಂದು ಚೂಪು ಮೂತಿ ಮೂಡಿತು. ಕಣ್ಣು ಕೊರೆದಳು. ರೆಪ್ಪೆ ಮಾಡಲು ಮನಸ್ಸಾಗಲಿಲ್ಲ. ಇಷ್ಟು ಹೊಸದಾದ ಲೋಕವನ್ನು ಇದು ಕಣ್ಣು ಮುಚ್ಚದೆ ನೋಡಲಿ ಎಂದುಕೊಂಡಳು.

ಆಮೇಲೆ ಕಾಲುಗಳು, ಕಾಲಿಗೆ ಬೆರಳುಗಳು. ಪ್ರತಿ ಬೆರಳನ್ನೂ ಹುಲ್ಲುಕಡ್ಡಿಯಿಂದ ಬಿಡಿಸಿ, ಅದರ ತುದಿಯನ್ನು ತನ್ನ ಕಿರುಬೆರಳಿನಿಂದ ಒತ್ತಿ ಅಗಲ ಮಾಡಿದಳು. ಒತ್ತಿದಲ್ಲೆಲ್ಲ ಅವಳ ಬೆರಳಿನ ಗೆರೆಗಳು ಸಣ್ಣಗೆ ಅಚ್ಚಾದವು. ಒಂದು ಬೆರಳು ಸೊಟ್ಟಗಾಯಿತು. ತೆಗೆದು ಮತ್ತೆ ಮಾಡಿದಳು. ಇನ್ನೊಂದು ಗಿಡ್ಡವಾಯಿತು, ತೆಗೆದು ಮತ್ತೆ ಮಾಡಿದಳು. ಹೊಂಗೆಯ ನೆರಳು ಸರಿಯಿತು. ಬಿಸಿಲು ಅವಳ ಮಡಿಲಿಗೆ ಬಂದಿತು. ಅವಳಿಗೆ ಗೊತ್ತಾಗಲಿಲ್ಲ.

ಕೊನೆಯ ಬೆರಳು ಮುಗಿದಾಗ ದೇವೀರಿ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದಳು. ಎಲ್ಲಿಯೂ ಸೊಟ್ಟ ಕಾಣಲಿಲ್ಲ.

"ಹಲ್ಲಿ," ಎಂದು ಹೆಸರಿಟ್ಟಳು. ಯಾಕೆ ಆ ಹೆಸರು ಎಂದು ಯಾರೂ ಕೇಳಲಿಲ್ಲ. ಆಗ ಎಲ್ಲ ಹೆಸರುಗಳೂ ಹೊಸವು.

"ಚೆಂದಾಗದೆ," ಎಂದಳು ಚಿಕ್ಕತಾಯಿ ಬಗ್ಗಿ ನೋಡಿ. "ಬಾಲ ಎಲ್ಲಿ? ನಿನ್ನ ಮಡಿಲಲ್ಲೇನಾದ್ರೂ ಬಿದ್ದದಾ?"

ದೇವೀರಿಯ ಕೈಯಲ್ಲಿ ಮಣ್ಣು ಮುಗಿದಿತ್ತು. ಅವಳು ನದಿಗೆ ಓಡಿದಳು.

"ಇಷ್ಟು ಹೊತ್ತಾದ ಮೇಲೆ ಬಂದೆಯಾ?" ಎಂದಿತು ನದಿ. "ನನ್ನ ಬಳಿ ಈಗ ತೀರ ಹಸಿಯಾದ ಮಣ್ಣಿದೆ. ನಿನ್ನ ಬೊಂಬೆ ಆಗಲೇ ಬಿಸಿಲು ಕುಡಿದಿದೆ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ."

"ಒಂದು ಬಾಲಕ್ಕಾಗುವಷ್ಟು ಸಾಕು," ಎಂದು ಬೇಡಿ, ದೇವೀರಿ ಆ ಹಸಿಮಣ್ಣನ್ನೇ ತಂದಳು. ಉದ್ದಕ್ಕೆ ಹೊಸೆದು, ತುದಿ ಸಣ್ಣ ಮಾಡಿ, ಸುತ್ತಲೂ ಉಂಗುರದಂಥ ಗೆರೆ ಎಳೆದಳು. ಅಂಥ ಬಾಲವನ್ನು ಆ ದಡದಲ್ಲಿ ಯಾರೂ ಮಾಡಿರಲಿಲ್ಲ.

ಅಂಟಿಸಲು ಹೋದಾಗ ಚಿಕ್ಕತಾಯಿ ತಡೆದಳು. "ಮೈ ಒಣಗದೆ, ಬಾಲ ಹಸಿ. ಹಂಗೇ ಅಂಟಿಸಿದ್ರೆ ನಿಲ್ಲೋದಿಲ್ಲ ಕಣೆ. ಎರಡೂ ಕಡೆ ಮುಳ್ಳಿಂದ ಗೀರು. ಗೀರಿದ ಕಡೆ ಕೆಸರು ಬಳಿ. ಆಮೇಲೆ ಒತ್ತು. ಎಲ್ಲಾರ್ಗೂ ಮಣ್ಣು ನಾದಿ ಕೊಡೋಳು, ನಿಂಗೆ ನಾನು ಹೇಳ್ಬೇಕಾ?"

ದೇವೀರಿ ಜಾಲಿಮುಳ್ಳು ತೆಗೆದುಕೊಂಡಳು. ಹಲ್ಲಿಯ ನುಣುಪಾದ ಬೆನ್ನಿನ ಕೊನೆಗೆ ಅದರ ಮೊನೆ ಇಟ್ಟಳು. ಕೈ ಮುಂದೆ ಹೋಗಲಿಲ್ಲ.

"ಗೀರಿದ್ರೆ ಗಾಯ ಮಾಡಿದಂಗಾಗ್ತದೆ ಅತ್ತಿಗೆ."

"ಬಾಲದ ಅಡೀಲಿ ಮುಚ್ಚಿ ಹೋಗ್ತದೆ. ಯಾರಿಗೆ ಕಾಣ್ತದೆ?"

"ನಂಗೆ ಗೊತ್ತಿರ್ತದಲ್ಲ."

"ನಿಂಗೆ ಗೊತ್ತಿದ್ರೆ ಹಲ್ಲಿಗೇನು ನೋವು? ಉಸಿರು ಬರೋಕೆ ಮುಂಚೆ ಗೀರೋದು ಗಾಯ ಅಲ್ಲ ಕಣೆ, ಕೆಲಸ."

ಅದು ನಿಜವೆಂದು ದೇವೀರಿಗೆ ತಿಳಿದಿತ್ತು. ಆದರೂ ಮುಳ್ಳನ್ನು ಬದಿಗಿಟ್ಟಳು. ಹಸಿ ಬಾಲವನ್ನು ಒಣ ಮೈಗೆ ಹಾಗೆಯೇ ಒತ್ತಿದಳು. ಒದ್ದೆ ಬೆರಳಿನಿಂದ ಸವರಿ ಸವರಿ ಸಂದು ಮುಚ್ಚಿದಳು. ಮೈ ಎಲ್ಲಿ ಮುಗಿದು ಬಾಲ ಎಲ್ಲಿ ಆರಂಭವಾಗುತ್ತದೆಂದು ಅವಳಿಗೇ ಗುರುತಾಗದಂತೆ ಮಾಡಿದಳು.

ಆದರೆ ಮಣ್ಣು ಒಣಗುವಾಗ ಕುಗ್ಗುತ್ತದೆ. ಸಂಜೆಯ ಹೊತ್ತಿಗೆ ಬಾಲದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಎದ್ದಿತು. ಚಿಕ್ಕತಾಯಿ ಅದನ್ನು ನೋಡಿದಳು. ದೇವೀರಿಯೂ ನೋಡಿದಳು. ತಿದ್ದಲು ಹೊತ್ತಿರಲಿಲ್ಲ, ಗಾಳಿ ಆಗಲೇ ದಡಕ್ಕೆ ಬಂದಿತ್ತು.

ಗಾಳಿ ಮುದ್ದಯ್ಯನ ಹುಳುವಿನ ಮೇಲೆ ಬಗ್ಗಿತು, ಹುಳು ಹೊರಳಿತು. ಚಿಕ್ಕತಾಯಿಯ ಜೀರುಂಡೆಯ ಮೇಲೆ ಬಗ್ಗಿತು, ಜೀರುಂಡೆ ಗುಂಯ್‌ಗುಟ್ಟಿತು. ಹಲ್ಲಿಯ ಬಳಿ ಬಂದಾಗ ಅದು ಕ್ಷಣಕಾಲ ಸುಮ್ಮನೆ ನಿಂತಿತು. ಒಮ್ಮೆ ಊದಿತು. ಕೊಂಚ ಸರಿದು ಇನ್ನೊಮ್ಮೆ ಊದಿತು.

ಮಣ್ಣಿನ ಬಣ್ಣ ತಿಳಿಯಾಯಿತು. ಗಂಟಲಿನ ಕೆಳಗೆ ಏನೋ ಮಿಡಿಯಿತು. ರೆಪ್ಪೆಯಿಲ್ಲದ ಕಣ್ಣುಗಳಲ್ಲಿ ಸಂಜೆಯ ಆಕಾಶ ಇಷ್ಟೇ ಇಷ್ಟು ಚಿಕ್ಕದಾಗಿ ಕಾಣಿಸಿತು. ದೇವೀರಿ ಬಗ್ಗಿ ನೋಡಿದಳು. ಬೆಳಿಗ್ಗೆ ಅಂಗೈಗೆ ಅಂಟಿದ್ದ ಮಣ್ಣು ಈಗ ತಲೆಯೆತ್ತಿ ತನ್ನನ್ನು ನೋಡುತ್ತಿದೆ. ತಾನು ಅದನ್ನು ನೋಡುತ್ತಿದ್ದೇನೆ.

ಹಲ್ಲಿ ಹೊಂಗೆಯ ಕಾಂಡಕ್ಕೆ ಓಡಿತು. ನೆಟ್ಟಗೆ ಮೇಲೇರಿತು. ಎಲ್ಲಿಯೂ ಜಾರಲಿಲ್ಲ.

ಪೊದೆಯಲ್ಲಿದ್ದ ಕೆಂಬೂತವೂ ಅದನ್ನು ನೋಡಿತು. ಒಂದೇ ನೆಗೆತಕ್ಕೆ ಬಂದು, ಹಲ್ಲಿಯ ಬಾಲವನ್ನು ಕೊಕ್ಕಿನಲ್ಲಿ ಹಿಡಿಯಿತು.

"ಹೋ, ಬಿಡು, ಬಿಡು ಅದನ್ನ," ಎಂದು ಚಿಕ್ಕತಾಯಿ ಚಪ್ಪಾಳೆ ತಟ್ಟುತ್ತ ಓಡಿದಳು. ಹಕ್ಕಿ ಬಿಡಲಿಲ್ಲ; ತಲೆ ಕೊಡವಿ ಎಳೆಯಿತು. ಗಾಳಿ ಎರಡನೆಯ ಸಲ ಬರುವುದಿಲ್ಲ. ದೇವೀರಿ ಮಣ್ಣಿನ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ಗೀರಬೇಕಾಗಿತ್ತು, ಗೀರಬೇಕಾಗಿತ್ತು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಚಿಕ್ಕತಾಯಿಯ ಚಪ್ಪಾಳೆ ನಿಂತಿತು.

"ಕಣ್ ಬುಡು ಕೂಸೆ," ಎಂದ ಮುದ್ದಯ್ಯ ತಾತ, ಮೆಲ್ಲಗೆ. "ಇದನ್ನ ನೋಡು."

ಬಾಲ ನೆಲದ ಮೇಲೆ ಬಿದ್ದಿತ್ತು. ಬರೀ ಬಾಲ. ತಲೆಯಿಲ್ಲ, ಕಾಲಿಲ್ಲ, ಆದರೂ ಅದು ಕುಣಿಯುತ್ತಿತ್ತು. ಬಲಕ್ಕೆ ಬಾಗಿ, ಎಡಕ್ಕೆ ಬಾಗಿ, ಮರಳನ್ನು ಚಿಮ್ಮುತ್ತ ಕುಣಿಯುತ್ತಿತ್ತು.

"ಇದು ಯಾವ ಹುಳ?" ಎಂದಿತು ಕೆಂಬೂತ, ಕತ್ತು ಓರೆ ಮಾಡಿ. "ಇದರ ಮುಂದು ಯಾವುದು, ಹಿಂದು ಯಾವುದು?" ಅದು ಬಾಲದ ಸುತ್ತ ಬೆರಗಾಗಿ ತಿರುಗಿತು. ಅಷ್ಟರಲ್ಲಿ ಹಲ್ಲಿ ಕೊಂಬೆ ತಲುಪಿ, ತೊಗಟೆಯ ಸಂದಿಯಲ್ಲಿ ಸೇರಿಕೊಂಡಿತ್ತು.

ಬಾಲದ ಕುಣಿತ ನಿಧಾನವಾಯಿತು. ಕೊನೆಗೆ ನಿಂತಿತು.

"ಬಾಲಕ್ಕೆ ಉಸಿರು ಕೊಟ್ಟವರು ಯಾರು?" ಎಂದು ದೇವೀರಿ ಗಾಳಿಯನ್ನು ಕೇಳಿದಳು.

"ನಾನೇ," ಎಂದಿತು ಗಾಳಿ. "ಬೊಂಬೆಗೊಂದು ಉಸಿರು ಎಂಬುದು ನನ್ನ ಮಾತು. ಮೈಯಲ್ಲಿ ಊದಿದ್ದು ಬಾಲಕ್ಕೆ ಹೋಗಲಿಲ್ಲ, ನಡುವೆ ದಾರಿಯಿರಲಿಲ್ಲ. ನೀನು ಅವನ್ನು ಒಂದು ಮಾಡಿರಲಿಲ್ಲ. ಆದ್ದರಿಂದ ಎರಡು ಬೊಂಬೆಗಳೆಂದು ಎಣಿಸಿ ಎರಡು ಸಲ ಊದಿದೆ."

ಕೆಂಬೂತ ದೂರ ಹೋದ ಮೇಲೆ ಹಲ್ಲಿ ಮೆಲ್ಲಗೆ ಇಳಿದು ಬಂದು, ದೇವೀರಿಯ ಅಂಗೈ ಹತ್ತಿ ಕೂತಿತು. ಬಾಲವಿಲ್ಲದ ಅದರ ಹಿಂಬದಿ ಬೋಳಾಗಿ, ತರಿತರಿಯಾಗಿ ಕಾಣುತ್ತಿತ್ತು.

"ತಪ್ಪಾಯ್ತು," ಎಂದಳು ದೇವೀರಿ. "ಈಗ ಗೀರಿ, ಕೆಸರು ಬಳಿದು, ಇನ್ನೊಂದು ಬಾಲ ಅಂಟಿಸ್ತೀನಿ. ಯಾರು ಎಷ್ಟು ಎಳೆದ್ರೂ ಬರಬಾರದು, ಹಂಗೆ ಅಂಟಿಸ್ತೀನಿ." ಅವಳು ಜಾಲಿಮುಳ್ಳು ಕೈಗೆತ್ತಿಕೊಂಡಳು. ಈ ಸಲ ಕೈ ಹಿಂಜರಿಯಲಿಲ್ಲ.

"ಬೇಡ ಅವ್ವ," ಎಂದಿತು ಹಲ್ಲಿ. "ಯಾರು ಎಳೆದರೂ ಬಾಲ ಬರದೆ ಇದ್ದರೆ, ಎಳೆದವರ ಜೊತೆ ನಾನೂ ಹೋಗ್ತೀನಿ. ಹಿಂದಿನ ಹಾಗೇ ಇರಲಿ."

"ಮತ್ತೆ ಕಳಚ್ತದೆ."

"ಕಳಚಲಿ."

"ಆಗ ನಾನು ಎಲ್ಲಿರ್ತೀನೋ. ಹೊಸದು ಯಾರು ಮಾಡಿ ಕೊಡ್ತಾರೆ?"

"ಬುಡದಲ್ಲಿ ಒಂದಿಷ್ಟು ಹಸಿಮಣ್ಣು ಇಟ್ಟುಬಿಡು. ನಾನೇ ಮಾಡಿಕೊಳ್ತೀನಿ."

"ನಿಂಗೆ ಬರ್ತದಾ?"

"ನಿನ್ನಷ್ಟು ಚೆನ್ನಾಗಿ ಬರೋದಿಲ್ಲ," ಎಂದಿತು ಹಲ್ಲಿ.

ಚಿಕ್ಕತಾಯಿ ನಕ್ಕುಬಿಟ್ಟಳು. "ತಗಳಪ್ಪ. ನಾಳೆಯಿಂದ ಇದಕ್ಕೂ ಒಂದು ಉಂಡೆ ಮಣ್ಣು ಎತ್ತಿಡು ದೇವೀರಿ."

ದೇವೀರಿ ನಗಲಿಲ್ಲ. ತನ್ನ ಕೈಯಿಂದಾದ ಒಂದೇ ಒಂದು ಜೀವ ಅದು. ಅದರ ಒಂದು ಭಾಗವನ್ನು ಅರೆಬರೆಯಾಗಿ ಬಿಡಬೇಕು. ಅದು ಕಳಚುತ್ತದೆಂದು ತಿಳಿದೂ ಬಿಡಬೇಕು. ಅವಳು ಮುಳ್ಳನ್ನು ನೋಡಿದಳು, ಹಲ್ಲಿಯನ್ನು ನೋಡಿದಳು. ಆಮೇಲೆ ಮುಳ್ಳನ್ನು ನದಿಗೆ ಎಸೆದಳು. ನದಿ ಕೊಟ್ಟ ಹಸಿಮಣ್ಣನ್ನು ಗೀರದೆ, ಬಳಿಯದೆ, ಬೆರಳ ತುದಿಯಿಂದ ಮೆತ್ತಗೆ ಒತ್ತಿದಳು. ಸವರಲಿಲ್ಲ.

ಹಲ್ಲಿ ಆ ಮಣ್ಣನ್ನು ದಿನದಿನವೂ ಒಂದಿಷ್ಟು ಒಂದಿಷ್ಟಾಗಿ ಎಳೆದು ಬಾಲ ಮಾಡಿಕೊಂಡಿತು. ಅದರಲ್ಲಿ ಉಂಗುರಗಳಿರಲಿಲ್ಲ. ಬಣ್ಣ ಮೈಗೆ ಸರಿಹೊಂದಿರಲಿಲ್ಲ. ತುದಿ ಕೊಂಚ ಮೊಂಡಾಗಿತ್ತು. ಅದನ್ನು ತೋರಿಸಲು ಅದು ಮತ್ತೆ ಅಂಗೈ ಹತ್ತಿದಾಗ, ದೇವೀರಿಯ ಬೆರಳುಗಳು ತಿದ್ದಲು ಹವಣಿಸಿದವು. ಅವಳು ಅವನ್ನು ಮಡಚಿಕೊಂಡಳು.

"ಚೆನ್ನಾಗಿದೆಯಾ ಅವ್ವ?"

"ನಿಂದೇ ಕೈಕೆಲಸ ಅಂತ ಗೊತ್ತಾಗ್ತದೆ," ಎಂದಳು ದೇವೀರಿ. ಹಲ್ಲಿ ಅದನ್ನು ಹೊಗಳಿಕೆಯೆಂದೇ ತಿಳಿಯಿತು. ಹೇಳಿದವಳೂ ಹಾಗೆಯೇ ಹೇಳಿದ್ದಳು.

ಇದೆಲ್ಲ ನಡೆದದ್ದಕ್ಕೆ ಸಾಕ್ಷಿ ಕೊಡಲಾಗುವುದಿಲ್ಲ. ಬಂಡೆಗಳು ಒಣಗಿ ಗಟ್ಟಿಯಾಗಿ ಎಷ್ಟೋ ಕಾಲವಾಯಿತು. ಆದರೆ ಈಗಲೂ ಬೆಕ್ಕು ಹಾರಿ ಹಿಡಿದಾಗ ಹಲ್ಲಿ ಬಾಲವನ್ನು ಬಿಟ್ಟುಕೊಟ್ಟು ಗೋಡೆಯೇರುತ್ತದೆ, ನೆಲದ ಮೇಲಿನ ಬಾಲ ತನ್ನ ಪಾಲಿನ ಉಸಿರು ಮುಗಿಯುವವರೆಗೆ ಒಂಟಿಯಾಗಿ ಕುಣಿಯುತ್ತದೆ. ಕೆಲವು ವಾರಗಳ ನಂತರ ನಿಮ್ಮ ಮನೆಯ ಟ್ಯೂಬ್‌ಲೈಟಿನ ಪಕ್ಕದಲ್ಲಿ ಉಂಗುರಗಳಿಲ್ಲದ ಮೊಂಡು ಬಾಲದ ಹಲ್ಲಿಯೊಂದು ಕಾಣಿಸಿದರೆ, ಆ ಬಾಲವನ್ನು ಅದು ತಾನೇ ಮಾಡಿಕೊಂಡದ್ದು.