ಬಿತ್ತದ ಸೊಪ್ಪು

“ಗುರುಗಳೆ, ಒಳ್ಳೆಯದು ಮಾಡಿದವನನ್ನು ಕಂಡು ಜನ ಯಾಕೆ ದೂರ ಸರಿಯುತ್ತಾರೆ?”

ಹೀಗೆ ಕೇಳಿದವನು ಮಡಿವಾಳಯ್ಯ. ಮಠದ ದಾಸೋಹದ ಹೊಣೆ ಹೊತ್ತ ಶಿಷ್ಯ. ಗುರುಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಕ್ಕರಕಿ ಸೊಪ್ಪು ಸೋಸುತ್ತಿದ್ದರು.

“ಯಾರು ಸರಿದರು?” ಎಂದರು.

“ಕಂಬದ ಮರೆಗೆ ಕೂತು ಉಣ್ಣುತ್ತಿದ್ದ ಅಜ್ಜ. ದಿನವೂ ಕೊನೆಯ ಪಂಕ್ತಿಗೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಬಾ ಎಂದು ಕರೆಯುವವರಿಲ್ಲ, ಹೇಗಿದ್ದೀರಿ ಎಂದು ಕೇಳುವವರಿಲ್ಲ. ನನಗೆ ಕರುಳು ಚುರುಕ್ ಎಂದಿತು. ಒಂದು ದಿನ ಅವರ ಕೈಹಿಡಿದು ಎಬ್ಬಿಸಿ ಮೊದಲ ಪಂಕ್ತಿಯಲ್ಲಿ ಮಣೆ ಹಾಕಿ ಕೂರಿಸಿದೆ. ‘ಅಜ್ಜಾರಿಗೆ ಮನ್ಯಾಗ ಮಾಡಿ ಹಾಕೋರು ಯಾರೂ ಇಲ್ಲ, ತುಪ್ಪ ಕೈಬಿಟ್ಟು ಹಾಕ್ರಿ’ ಎಂದು ಬಡಿಸುವವರಿಗೆ ಗಟ್ಟಿಯಾಗಿ ಹೇಳಿದೆ. ಅವತ್ತೇ ಕೊನೆ, ಮತ್ತೆ ಅವರು ಬರಲಿಲ್ಲ. ಮನೆಯಲ್ಲಿ ಚುರುಮುರಿ ನೆನೆಸಿಕೊಂಡು ತಿನ್ನುತ್ತಿದ್ದಾರಂತೆ. ನಾನು ಮಾಡಿದ ತಪ್ಪೇನು? ನನಗೆ ತಲೆಬುಡ ತಿಳಿಯುತ್ತಿಲ್ಲ.”

ಗುರುಗಳು ಸೊಪ್ಪಿನ ರಾಶಿಯಲ್ಲಿ ಅರ್ಧವನ್ನು ಅವನ ಕಡೆಗೆ ತಳ್ಳಿದರು. “ಕೂತುಕೋ. ಸೋಸುತ್ತಾ ಕೇಳು. ಹಳದಿ ಎಲೆ ಬುಟ್ಟಿಗೆ ಹಾಕಿದರೆ ಅಡುಗೆಯ ಅಮ್ಮನ ಕೈಲಿ ಬೈಸಿಕೊಳ್ಳುವವನು ನೀನು, ನಾನಲ್ಲ,” ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಎರೆಹೊಲವಿತ್ತು, ಜೋಡೆತ್ತಿದ್ದವು, ಹೊಲದ ತಲೆಗೆ ಒಂದು ಬಾವಿಯಿತ್ತು. ಮನಸ್ಸು ಒಳ್ಳೆಯದು. ತನ್ನ ಮನಸ್ಸು ಒಳ್ಳೆಯದೆಂದು ಅವನಿಗೂ ಗೊತ್ತಿತ್ತು. ತೊಂದರೆ ಅಲ್ಲಿಂದಲೇ ಶುರುವಾಯಿತು ಅಂದುಕೋ.

ಅದೇ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಅವಳ ಗಂಡ ಹಾಸಿಗೆ ಹಿಡಿದಿದ್ದ. ಅವನ ಬಾಯಿ ಕೆಟ್ಟುಹೋಗಿತ್ತು. ಬೇಳೆ ಮಾಡಿದರೆ ಒಲ್ಲೆ, ಪಲ್ಲೆ ಮಾಡಿದರೆ ಒಲ್ಲೆ. ಹಕ್ಕರಕಿ ಒಂದಿದ್ದರೆ ಮಾತ್ರ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಹಕ್ಕರಕಿ ನಿನಗೆ ಗೊತ್ತಲ್ಲ, ಇದೇ, ನಿನ್ನ ಕೈಯಲ್ಲಿರುವುದು. ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಮುರಿದರೆ ಹಾಲು ಬರುತ್ತದೆ. ಹಳದಿ ಹೂ ಬಿಟ್ಟು, ಆಮೇಲೆ ಹತ್ತಿಯ ಎಳೆಯಂಥ ಬೀಜವಾಗಿ ಹಾರಿಹೋಗುತ್ತದೆ.

ಮುದುಕಿ ಬೆಳಿಗ್ಗೆ ಎದ್ದು ರೈತನ ಹೊಲಕ್ಕೆ ಹೋಗುತ್ತಿದ್ದಳು. ಬದುವಿನ ಮೇಲೆ, ಜೋಳದ ಸಾಲಿನ ನಡುವೆ ಹುಟ್ಟಿದ ಹಕ್ಕರಕಿಯನ್ನು ಉಡಿ ತುಂಬ ಕಿತ್ತುಕೊಂಡು ಬರುತ್ತಿದ್ದಳು. ಎಲೆಯನ್ನು ತೊಳೆದು, ಉಪ್ಪು, ಗುರೆಳ್ಳು ಪುಡಿ ಮತ್ತು ಒಂದು ತೊಟ್ಟು ಎಣ್ಣೆ ಹಾಕಿ ಕಲೆಸಿ ರೊಟ್ಟಿಯ ಮೇಲೆ ಇಟ್ಟು ಕೊಡುತ್ತಿದ್ದಳು. ಬೇರನ್ನು ಒಣಗಿಸಿ, ಹುರಿದು, ಕುಟ್ಟಿ ಇಟ್ಟುಕೊಳ್ಳುತ್ತಿದ್ದಳು. ಇಳಿಹೊತ್ತಿಗೆ ಅದನ್ನು ಬೆಲ್ಲದ ಜೊತೆ ಕುದಿಸಿ ಸೋಸಿ ಕೊಡುತ್ತಿದ್ದಳು. ಅದು ಕಷಾಯ. ಮುದುಕ ಅದನ್ನು ಚಾ ಎನ್ನುತ್ತಿದ್ದ. ಅವಳೂ ತಿದ್ದಲು ಹೋಗಲಿಲ್ಲ.

ಆ ಸೀಮೆಯಲ್ಲಿ ಒಂದು ರೂಢಿಯಿತ್ತು. ಬಿತ್ತಿ ಬೆಳೆದದ್ದು ಹೊಲದವನದು. ಅದರಲ್ಲಿ ಒಂದು ತೆನೆಯನ್ನೂ ಯಾರೂ ಕೇಳದೆ ಮುಟ್ಟುತ್ತಿರಲಿಲ್ಲ. ಆದರೆ ತಾನಾಗಿ ಹುಟ್ಟಿದ ಸೊಪ್ಪು ಯಾರದೂ ಅಲ್ಲ. ಯಾರ ಹೊಲದಲ್ಲಿ ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಕಿತ್ತವರು ಹೇಳುತ್ತಿರಲಿಲ್ಲ, ಹೊಲದವರು ಕೇಳುತ್ತಿರಲಿಲ್ಲ. ಎದುರಾದರೆ ಮಳೆಯ ಮಾತು, ಎತ್ತಿನ ಮಾತು. ಸೊಪ್ಪಿನ ಮಾತಿಲ್ಲ.

ಒಂದು ದಿನ ರೈತ ಎಡೆ ಹೊಡೆಯುತ್ತಿದ್ದ. ಸಾಲಿನ ನಡುವೆ ಕುಂಟೆ ಆಡಿದರೆ ಕಸವೆಲ್ಲ ಬೇರು ಸಮೇತ ಕಿತ್ತುಬರುತ್ತದೆ, ಅದರ ಜೊತೆ ಹಕ್ಕರಕಿಯೂ ಬರುತ್ತದೆ. ಮುದುಕಿ ಅವನ ಹಿಂದೆ ಹಿಂದೆ ಬಗ್ಗಿ ನಡೆಯುತ್ತಾ, ಬಾಡುವ ಮುಂಚೆ ಒಂದೊಂದೇ ಗಿಡ ಹುಡುಕಿ ಆರಿಸುತ್ತಿದ್ದಳು. ರೈತ ತಿರುಗಿ ನೋಡಿದ. ಈ ವಯಸ್ಸಿನಲ್ಲಿ ಈ ಪಾಡೇ, ನಾನಿದ್ದೂ ಇವಳು ಹುಡುಕಬೇಕೇ, ಎಂದುಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಕತೆಯಿಲ್ಲ. ಅವನು ಬಿಡಲಿಲ್ಲ. ಬಾವಿಯ ಪಕ್ಕದ ಒಳ್ಳೆಯ ನೆಲ ಅಗೆದು ಮಡಿ ಮಾಡಿದ. ತಿಪ್ಪೆಯ ಗೊಬ್ಬರ ಹಾಕಿದ. ಹಕ್ಕರಕಿಯ ಬೀಜ ಹಿಡಿದು ತಂದು ಬಿತ್ತಿದ. ನೀರು ಬಿಟ್ಟ. ಆಡು ಮೇಯಬಾರದೆಂದು ಸುತ್ತ ಮುಳ್ಳಿನ ಬೇಲಿ ಹಾಕಿದ. ಮುದುಕಿಗೆ ಮುಳ್ಳು ತಾಗಬಾರದೆಂದು ಬೇಲಿಗೊಂದು ಬಾಗಿಲನ್ನೂ ಮಾಡಿದ. ಕಸ ಬಿತ್ತುವ ರೈತನನ್ನು ಇವತ್ತೇ ನೋಡಿದೆವು ಎಂದು ನೆರೆಹೊಲದವರು ನಕ್ಕರು. ಅವನೂ ನಕ್ಕ. ಸೊಪ್ಪು ಅಂಗೈ ಅಗಲ ಬಂತು.

ಆಮೇಲೆ ಮುದುಕಿಯ ಮನೆಗೇ ಹೋಗಿ ಹೇಳಿದ: “ಅವ್ವಾ, ಇನ್ನ ಮ್ಯಾಲೆ ನೀ ಹುಡುಕ್ಯಾಡೂದು ಬ್ಯಾಡ. ನಿನ್ನ ಸಲುವಾಗಿನ ಬಿತ್ತೇನಿ. ಬಾಗಲಾ ತಗದು ಬೇಕಾದಷ್ಟು ಕಿತ್ಕೊ.”

ಮುದುಕಿ ಕೈಮುಗಿದಳು. “ದೊಡ್ಡ ಮನಸಪ್ಪಾ ನಿಂದು,” ಎಂದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಡಿಗಷ್ಟೇ ಅಲ್ಲ, ಬದುವಿಗೂ ಬರಲಿಲ್ಲ. ಆ ಹೊಲದ ಕಡೆಗೆ ಕಾಲು ಹಾಕುವುದನ್ನೇ ಬಿಟ್ಟಳು.

ರೈತನಿಗೆ ಏನೊಂದೂ ಹೊಳೆಯಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡ. ಆದರೆ ಅವಳು ಊರಾಚೆಯ ಹಳ್ಳದ ದಂಡೆಗೆ ಹೋಗುವುದನ್ನು ಕಂಡವರಿದ್ದರು. ಯಾರಾದರೂ ಚಾಡಿ ಹೇಳಿದರೇನೋ ಎಂದುಕೊಂಡ. ಹೆಂಡತಿಯನ್ನು ಕೇಳಿದ, ನೀನೇನಾದರೂ ಅಂದೆಯಾ ಎಂದು. ಹೆಂಡತಿ ಅವನಿಗೇ ನಾಲ್ಕು ಅಂದಳು. ಬೇಲಿಯ ಬಾಗಿಲು ಬಿಗಿಯಾಯಿತೇನೋ ಎಂದು ಅದನ್ನು ಕಿತ್ತು ಸಡಿಲ ಮಾಡಿ ಕಟ್ಟಿದ. ಆಡುಗಳು ಬಂದವು, ಮುದುಕಿ ಬರಲಿಲ್ಲ.

ಇಲ್ಲಿ ಶಿಷ್ಯ ಬಾಯಿ ಹಾಕಿದ. “ನೀರು ಕುಡಿದು ಬೆಳೆದ ಸೊಪ್ಪು ಸಪ್ಪೆಯಾಗಿತ್ತೇನೋ ಗುರುಗಳೆ?”

“ರೈತನೂ ನಿನ್ನಷ್ಟೇ ಜಾಣ,” ಎಂದರು ಗುರುಗಳು. “ಅವನಿಗೂ ಹಾಗೇ ಅನ್ನಿಸಿತು. ಮಡಿಯ ಎಲೆ ಕಿತ್ತು ತಿಂದು ನೋಡಿದ, ಬದುವಿನ ಎಲೆ ಕಿತ್ತು ತಿಂದು ನೋಡಿದ. ಎರಡೂ ಒಂದೇ ಕಹಿ. ನೀನು ಕೈಯಲ್ಲಿರುವ ಬೇರನ್ನು ಎಸೆಯಬೇಡ, ಅದನ್ನು ಈಚೆಗೆ ಇಡು.”

ರೈತ ಇನ್ನೊಂದು ಉಪಾಯ ಮಾಡಿದ. ನಡೆಯಲು ಆಗದೇನೋ ಎಂದು ತಾನೇ ಸೊಪ್ಪು ಕಿತ್ತು, ತೊಳೆದು, ಕಟ್ಟು ಕಟ್ಟಿ ಹೆಂಡತಿಯ ಕೈಲಿ ಅವಳ ಮನೆಗೆ ಕಳಿಸಿದ. ಮುದುಕಿ ಬೇಡ ಎನ್ನಲಿಲ್ಲ, ತೆಗೆದುಕೊಂಡಳು. ಮರುದಿನ ರೈತ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಒಂದು ಕುಂಬಳಕಾಯಿ. ಅವಳ ಹಿತ್ತಲಿನಲ್ಲಿ ಇದ್ದದ್ದೇ ಒಂದು ಬಳ್ಳಿ, ಆ ಬಳ್ಳಿ ಬಿಟ್ಟದ್ದೇ ಒಂದು ಕಾಯಿ.

ರೈತ ಪೇಚಿಗೆ ಬಿದ್ದ. ಇಟ್ಟುಕೊಳ್ಳುವುದೋ, ಹಿಂದಕ್ಕೆ ಕೊಡುವುದೋ? ಹಿಂದಕ್ಕೆ ಕೊಟ್ಟರೆ ಬೇಸರ ಮಾಡಿಕೊಂಡಾಳು ಎಂದು ಇಟ್ಟುಕೊಂಡ. ಇಟ್ಟುಕೊಂಡದ್ದಕ್ಕೆ ಸಮಾಧಾನವಾಗದೆ ಇನ್ನೂ ದೊಡ್ಡ ಕಟ್ಟು ಸೊಪ್ಪು ಕಳಿಸಿದ. ಮರುದಿನ ಎದ್ದು ನೋಡಿದರೆ ಅವನ ಮನೆಯ ಅಂಗಳ ಗುಡಿಸಿತ್ತು. ಸೆಗಣಿ ಬಾಚಿತ್ತು. ಹೆಂಡತಿ ಗುಡಿಸಿದ್ದಲ್ಲ, ಅವಳು ಆಗಿನ್ನೂ ಏಳುತ್ತಿದ್ದಳು. ರೈತ ಅಂಗಳದಲ್ಲಿ ನಿಂತ. ಮುದುಕಿಯ ಬೆನ್ನು ಬಗ್ಗದಿರಲಿ ಎಂದು ಬಿತ್ತಿದ ಸೊಪ್ಪು ಅವಳನ್ನು ತನ್ನ ಅಂಗಳದಲ್ಲಿ ಬಗ್ಗಿಸಿತ್ತು. ಅವನಿಗೆ ಅಳು ಬಂತು. ಯಾಕೆ ಎಂದು ಮಾತ್ರ ಗೊತ್ತಾಗಲಿಲ್ಲ.

ನೆಟ್ಟಗೆ ಅವಳ ಮನೆಗೆ ಹೋದ. ಮುದುಕಿ ಹಳ್ಳದ ದಂಡೆಯಿಂದ ಆಗಷ್ಟೇ ಬಂದಿದ್ದಳು. ಉಡಿಯಲ್ಲಿ ಹಿಡಿಯಷ್ಟು ಸೊಪ್ಪು. ಕಾಲ್ಬೆರಳಿಗೆ ಬಟ್ಟೆ ಸುತ್ತಿದ್ದಳು. ಒಳಗೆ ಮುದುಕ ಅರ್ಧ ರೊಟ್ಟಿ ತಿಂದು ಅರ್ಧ ಸರಿಸಿದ್ದ. ಹಳ್ಳದ ಸೊಪ್ಪು ಸವಳು, ಅವನ ಬಾಯಿಗೆ ಹಿಡಿಸುತ್ತಿರಲಿಲ್ಲ.

“ಯಾಕವ್ವಾ? ನಾ ಏನ್ ತಪ್ಪ ಮಾಡೀನಿ?”

“ನಿಂದೇನೂ ತಪ್ಪಿಲ್ಲಪ್ಪಾ. ನೀ ಚಲೋನ ಮಾಡಿದಿ. ಅದಕ್ಕ ನನಗ ಬರಾಕ ಬಾರದಂಗಾತು.”

“ನನಗ ತಿಳೀವಲ್ದು.”

“ಮದಲ ಆ ಹಕ್ಕರಕಿ ತಪ್ಪಲಾ ಯಾರದೂ ಅಲ್ಲಾಗಿತ್ತು, ಅದಕ್ಕ ನಂದಾಗಿತ್ತು. ನೀ ಬಿತ್ತಿದಿ, ನಿಂದಾತು. ಇನ್ನ ನಾ ಕಿತ್ತರ ಹಂಗು. ಬದುವಿನ್ಯಾಗ ಕೈ ಹಾಕಿದ್ರ, ಮಡಿ ಬಿಟ್ಟು ಇಲ್ಯಾಕ ಬಂದಿ ಅಂತೀ. ಹಂಗಿನ ತಪ್ಪಲಾ ಅಂತ ಗೊತ್ತಾದ್ರ ನಮ್ಮ ಮನಿಯಾವ ರೊಟ್ಟಿನೂ ಮುಟ್ಟೂದಿಲ್ಲ.”

“ನಾ ಹೊಳ್ಳಿ ಏನೂ ಕೇಳಿಲ್ಲಲ್ಲವ್ವಾ!”

“ಕೇಳಿದ್ರ ಕೊಟ್ಟು ಮುಗಸ್ತಿದ್ದೆ,” ಎಂದಳು ಮುದುಕಿ.

ರೈತ ಹಿಂದಿರುಗಿದ. ದಾರಿಯುದ್ದಕ್ಕೂ ಅದೇ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಚಲೋ ಮಾಡಿದೆ, ಅದಕ್ಕೆ ಬರಲಿಕ್ಕೆ ಬಾರದಂತಾಯಿತು. ಕೇಳಲಿಲ್ಲ, ಅದಕ್ಕೆ ಮುಗಿಯದಂತಾಯಿತು. ಎತ್ತ ಹಿಡಿದರೂ ಅದು ಅವನ ಕೈಗೆ ಹತ್ತಲಿಲ್ಲ. ಬೇಜಾರು ಸಿಟ್ಟಾಯಿತು. ಬೇಲಿ ಕಿತ್ತು ಎಸೆದ. ಬಾಗಿಲನ್ನು ಒಲೆಗೆ ಹಾಕಿದ. ಹಾಳಾಗಿ ಹೋಗಲಿ ಎಂದು ಮಡಿಗೆ ನೀರು ಬಿಡುವುದನ್ನೂ ನಿಲ್ಲಿಸಿದ. ಮುದುಕಿಯ ಮನೆಗೆ ಕಟ್ಟು ಕಳಿಸುವುದೂ ನಿಂತಿತು, ಅಂಗಳ ಗುಡಿಸುವುದೂ ನಿಂತಿತು. ಆ ಕಡೆ ಮುದುಕನ ರೊಟ್ಟಿ ಅರ್ಧದಲ್ಲೇ ಉಳಿಯುತ್ತಿತ್ತು. ಅದು ರೈತನಿಗೆ ಗೊತ್ತಿತ್ತು, ಮಾಡುವುದೇನೆಂದು ಗೊತ್ತಿರಲಿಲ್ಲ.

ಹಕ್ಕರಕಿ ಹಾಳಾಗುವ ಜಾತಿಯದಲ್ಲ. ನೋಡಿಕೊಳ್ಳುವವರಿಲ್ಲದೆ ಮಡಿಯ ಗಿಡಗಳು ಉದ್ದ ಬೆಳೆದು ಹೂ ಬಿಟ್ಟವು. ಹೂವು ಬೀಜವಾಯಿತು. ಗಾಳಿ ಬೀಸಿತು. ಬೀಜ ಅವನ ಹೊಲದ ಮೇಲೆ ಹೋಯಿತು, ಪಕ್ಕದವರ ಹೊಲದ ಮೇಲೆ ಹೋಯಿತು, ಊರಿಗೆ ಬರುವ ಬಂಡಿದಾರಿಯ ಮೇಲೂ ಹೋಯಿತು.

ಮುಂದಿನ ಮಳೆಗೆ ಎಲ್ಲೆಲ್ಲೂ ಹಕ್ಕರಕಿ ಎದ್ದಿತು.

ಒಂದು ಬೆಳಿಗ್ಗೆ ರೈತ ಹೊಲಕ್ಕೆ ಹೋದಾಗ ಬದುವಿನ ಮೇಲೆ ಮುದುಕಿ ಕೂತಿದ್ದಳು. ಉಡಿ ಆಗಲೇ ತುಂಬಿತ್ತು. ರೈತನಿಗೆ ಎದೆ ಉಬ್ಬಿತು. ಅವ್ವಾ, ಇದೆಲ್ಲ ನನ್ನ ಮಡಿಯ ಬೀಜವೇ, ನೋಡಿದೆಯಾ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಗ ಅವನಿಗೆ ತನ್ನ ಗುಡಿಸಿದ ಅಂಗಳ ನೆನಪಾಯಿತು. ಅವನು ಎತ್ತಿನ ಮರೆಗೆ ಹೋಗಿ, ಬಿಗಿಯಾಗಿಯೇ ಇದ್ದ ನೊಗದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ.

ಮುದುಕಿ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. “ಈ ವರ್ಷ ಗಾಳಿ ಚಲೋ ಬಿತ್ತೇತಿ ನೋಡಪಾ,” ಎಂದಳು.

“ಹೌದವ್ವಾ,” ಎಂದ ರೈತ. “ಮಳಿನೂ ಚಲೋ ಆತು.”

ಅಷ್ಟೇ. ಅವಳು ಮನೆಗೆ ಹೋದಳು. ಅವತ್ತು ಮುದುಕ ಪೂರ್ತಿ ರೊಟ್ಟಿ ತಿಂದ. ಇಳಿಹೊತ್ತಿಗೆ ಚಾ ಕೇಳಿದ.

ಗುರುಗಳು ಕತೆ ನಿಲ್ಲಿಸಿ, ಸೋಸಿದ ಎಲೆಯನ್ನು ಬುಟ್ಟಿಗೆ ಹಾಕಿದರು. “ರೈತ ತಿಳಿದು ಸುಮ್ಮನಾದನೋ, ಸುಮ್ಮನಾದ ಮೇಲೆ ತಿಳಿಯಿತೋ, ನನಗೂ ಗೊತ್ತಿಲ್ಲ. ಅದು ಯಾರ ಬೀಜವೆಂದು ಮುದುಕಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಅವರಿಬ್ಬರೂ ಕಡೆಯವರೆಗೆ ಸೊಪ್ಪಿನ ಮಾತು ಆಡಲಿಲ್ಲ.”

ಮಡಿವಾಳಯ್ಯನ ಕೈ ಯಾವಾಗಲೋ ನಿಂತುಹೋಗಿತ್ತು. ಅವನ ಕಣ್ಣು ತುಂಬಿತ್ತು. ತುಪ್ಪ ಹಾಕಿರೆಂದು ತಾನು ಕೂಗಿದಾಗ ಆ ಅಜ್ಜ ಎಲೆಯಿಂದ ತಲೆ ಎತ್ತದೆ ಕೂತಿದ್ದದ್ದು ಅವನಿಗೆ ಈಗ ಕಾಣಿಸಿತು. ಅವನು ದಡಬಡ ಎದ್ದು ನಿಂತ.

“ತಿಳಿಯಿತು ಗುರುಗಳೆ! ನಾನು ಎಂಥ ಕೆಲಸ ಮಾಡಿಬಿಟ್ಟೆ. ಈಗಲೇ ಆ ಅಜ್ಜನ ಮನೆಗೆ ಹೋಗುತ್ತೇನೆ. ಓಣಿಯ ಜನರೆಲ್ಲರ ಮುಂದೆ ಅವರ ಕಾಲಿಗೆ ಬಿದ್ದು, ತಪ್ಪಾಯಿತು ಎಂದು ಹೇಳಿ, ಕೈಹಿಡಿದು ಮಠಕ್ಕೆ ಕರೆದುಕೊಂಡು ಬರುತ್ತೇನೆ.”

ಅವನು ಬಾಗಿಲು ದಾಟುವುದರಲ್ಲಿದ್ದ. ಗುರುಗಳು ಸೊಪ್ಪಿನಿಂದ ಕಣ್ಣೆತ್ತದೆ ಕೇಳಿದರು:

“ಮತ್ತೆ ಬಿತ್ತಲಿಕ್ಕೆ ಹೊರಟೆಯಾ?”

ಶಿಷ್ಯ ಹಿಂದಿರುಗಿ ಬಂದು ಸೊಪ್ಪಿನ ಮುಂದೆ ಕೂತ.